ಸಣ್ಣ ಮೈಕಟ್ಟಿನ ಮಗಳಿಗೆ ಮೊದಲ ಬಂದೂಕು

"ಹೆಣ್ಣುಹುಡುಗಿ, ತೆಳ್ಳಗವಳೆ. ಒಂಟಿ ನಳಿಗೇದು ಕೊಡ್ಸಿ ಸಾಕು, ಹಗೂರಕ್ಕಿರ್ತದೆ." ಮಗಳಿಗೆ ಬಂದೂಕು ನೋಡ್ತಾ ಇದೀನಿ ಅಂದಾಗ ನಮ್ಮ ಮಧುಗಿರಿ ಸೀಮೆಯಲ್ಲಿ ಬಂದೂಕು ಇಟ್ಟುಕೊಂಡಿರುವ ಹಿರಿಯರೆಲ್ಲ ಕೊಟ್ಟ ಸಲಹೆ ಇದು. ಒಬ್ಬರೂ ಬೇರೆ ಮಾತಾಡಲಿಲ್ಲ. ನಾನು ಕೊನೆಗೆ ಕೊಡಿಸಿದ್ದು ಇದಕ್ಕೆ ತದ್ವಿರುದ್ಧ: 3.4 ಕೆ.ಜಿ. ತೂಗುವ, ನಳಿಗೆ ಒಂದರ ಮೇಲೊಂದು ಇರುವ ಹನ್ನೆರಡು ಬೋರಿನ ಬಂದೂಕು. ಮಗಳ ಎತ್ತರ ಐದಡಿಗೆ ಒಂದಿಂಚು ಕಮ್ಮಿ, ತೂಕ 44 ಕೆ.ಜಿ. ಯಾಕೆ ಹೀಗೆ ಅಂತ ಕೇಳುವವರು ಬಹಳ ಮಂದಿ ಇರುವುದರಿಂದ ಬರೆದೇ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಇದು ಶಿಕಾರಿಗಲ್ಲ. ನಮ್ಮಪ್ಪನ ಕಾಲದಲ್ಲಿ ಕೌಜುಗ, ಮೊಲ ಅಂತ ಹೊಲದ ಬದು ಹಿಡಿದು ನಡೆಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತು ಮುಗಿಯಿತು. ಈಗ ನನ್ನ ಬಂದೂಕು ಇರುವುದು ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಬಂದರೆ ಆಕಾಶಕ್ಕೆ ಒಂದು ಹಾರಿಸಿ ಓಡಿಸುವುದಕ್ಕೆ ಅಷ್ಟೇ. ಮಗಳ ಆಸೆ ಬೇರೆ. ಅವಳಿಗೆ ಟ್ರ್ಯಾಪ್ ಆಡಬೇಕು. ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಆಟ ಅದು. ವಯಸ್ಸಿನಲ್ಲಿ ನಾನೂ ಕ್ಲಬ್ ಕಡೆಯಿಂದ ಅದನ್ನು ಆಡಿದವನು, ಹಾಗಾಗಿ ಹುಚ್ಚು ಎಲ್ಲಿಂದ ಬಂತು ಅಂತ ಮನೆಯವಳು ಕೇಳುವ ಹಾಗಿರಲಿಲ್ಲ.

ಹಿರಿಯರ ಸಲಹೆ ಅವರ ಮಟ್ಟಿಗೆ ಸರಿಯೇ. ಅವರು ಬೆಳಗಿಂದ ಸಂಜೆವರೆಗೆ ಬಂದೂಕು ಹೆಗಲಿಗೆ ಹಾಕಿಕೊಂಡು ಕಲ್ಲುಗುಟ್ಟೆ ಸುತ್ತಿದವರು. ದಿನಕ್ಕೆ ನಾಲ್ಕೈದು ತೋಟಾ ಹಾರಿಸಿದರೆ ಹೆಚ್ಚು. ಹೊರುವುದು ಬಹಳ, ಹೊಡೆಯುವುದು ಕಮ್ಮಿ. ಅಂಥವರಿಗೆ ಹಗುರಾದದ್ದೇ ಬೇಕು. ಟ್ರ್ಯಾಪಿನಲ್ಲಿ ಇದು ತಿರುಗುಮುರುಗು. ಒಂದು ಸುತ್ತಿಗೆ 25 ತಟ್ಟೆ, ಒಂದೊಂದಕ್ಕೆ ಎರಡೆರಡು ಸಲ ಹೊಡೆಯುವ ಅವಕಾಶ. ದೊಡ್ಡ ಸ್ಪರ್ಧೆಯಲ್ಲಿ ಗಂಡಸರಿಗೂ ಹೆಂಗಸರಿಗೂ 125 ತಟ್ಟೆ. ಬಂದೂಕು ಭುಜಕ್ಕೆ ಏರಿಸಿ ಹಿಡಿಯುವುದು ಕೆಲವೇ ಕ್ಷಣ. ಉಳಿದ ಹೊತ್ತು ನಳಿಗೆ ಬಿಚ್ಚಿಕೊಂಡು ಮುಂಗೈ ಮೇಲೆ ಮಲಗಿರುತ್ತದೆ. ಹೊರುವ ಕಷ್ಟ ಇಲ್ಲಿ ಕಷ್ಟವೇ ಅಲ್ಲ. ಕಷ್ಟ ಇರುವುದು ಒದೆತದಲ್ಲಿ.

ಒದೆತದ ಲೆಕ್ಕ ಹೈಸ್ಕೂಲಿನಲ್ಲಿ ಓದಿದ್ದೇ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಸಣ್ಣ ಗುಂಡು, ಮುಂದಕ್ಕೆ ಹೋದ ಲೆಕ್ಕಕ್ಕೆ ಬಂದೂಕು ಹಿಂದಕ್ಕೆ ಬರಲೇಬೇಕು. ಬಂದೂಕು ಹಗುರಾದಷ್ಟೂ ಹಿಂದೆ ಬರುವ ವೇಗ ಜಾಸ್ತಿ. ಒಂದೇ ತೋಟಾವನ್ನು 2.6 ಕೆ.ಜಿ.ಯ ಒಂಟಿ ನಳಿಗೆಯಲ್ಲೂ 3.4 ಕೆ.ಜಿ.ಯದರಲ್ಲೂ ಹಾರಿಸಿದರೆ, ಭಾರದ್ದರಲ್ಲಿ ಭುಜಕ್ಕೆ ಬರುವ ಒದೆತದ ಶಕ್ತಿ ಸುಮಾರು ಕಾಲುಭಾಗ ಕಮ್ಮಿ. ತೋಟಾದಲ್ಲೂ ಉಳಿಸಬಹುದು. ಒಲಿಂಪಿಕ್ ಟ್ರ್ಯಾಪಿಗೆ ಚರೆಯ ತೂಕ 24 ಗ್ರಾಂ ಮೀರುವಂತಿಲ್ಲ. ಅಂಗಡಿಯಲ್ಲಿ 28, 32 ಗ್ರಾಂ ತೋಟಾ ಕೊಟ್ಟು "ಇದು ಪವರ್ ಜಾಸ್ತಿ ಸಾರ್" ಅನ್ನುತ್ತಾರೆ. ಆ ಪವರು ಹೊಸದಾಗಿ ಕಲಿಯುವವರ ಭುಜದ ಪಾಲಿಗೂ ಬರುತ್ತದೆ. 28ರಿಂದ 24ಕ್ಕೆ ಇಳಿದರೆ ಐದರಲ್ಲೊಂದು ಪಾಲು ಒದೆತ ತಗ್ಗುತ್ತದೆ ಅಂತ ನನ್ನ ಅಂದಾಜು. ಭಾರದ ಬಂದೂಕು, ಹಗುರ ತೋಟಾ: ನನ್ನ ಮಟ್ಟಿಗೆ ಹೊಸಬರಿಗೆ ಇದೇ ಜೋಡಿ. ಊರಲ್ಲಿ ಸಾಮಾನ್ಯವಾಗಿ ಕೊಡಿಸುವುದು ಇದರ ಉಲ್ಟಾ.

ಹಾಗಾದರೆ ಇಪ್ಪತ್ತು ಬೋರಿನದು ಯಾಕಲ್ಲ ಅಂತ ಒಬ್ಬರು ಕೇಳಿದರು. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವ ನಳಿಗೆ ಹನ್ನೆರಡು ಬೋರು, ಇಪ್ಪತ್ತು ಮಾಡಿದರೆ ಇಪ್ಪತ್ತು ಬೋರು. ಅಂದರೆ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಹೊರದೇಶಗಳಲ್ಲಿ ಮಕ್ಕಳಿಗೆ ಇಪ್ಪತ್ತು ಬೋರಿನದೇ ಕೊಡುತ್ತಾರೆ, ಒಳ್ಳೆಯದೇ. ಇಲ್ಲಿ ತೋಟಾ ಎಲ್ಲಿಂದ ತರುವುದು? ಹನ್ನೆರಡು ಬೋರಿನ, ಶಕ್ತಿಮಾನ್ ಅನ್ನುವ ಹೆಸರಿನ ತೋಟಾ ಸಿಗುವ ಅಂಗಡಿಯಲ್ಲಿ ಇಪ್ಪತ್ತರದು ಕೇಳಿ ನೋಡಿ, ಮುಖ ನೋಡುತ್ತಾರೆ. ತೋಟಾ ಸಿಗದ ಬಂದೂಕಿನಲ್ಲಿ ಯಾರೂ ಅಭ್ಯಾಸ ಮಾಡಲಾರರು.

ಮನೆಯಲ್ಲೇ ಒಂದು ಬಂದೂಕು ಇತ್ತಲ್ಲ, ಅದನ್ನೇ ಮೊದಲು ನೋಡಿದೆ. ಅಪ್ಪನಿಂದ ನನಗೆ ಬಂದ ಜೋಡಿ ನಳಿಗೆ, ಬರ್ಮಿಂಗ್‌ಹ್ಯಾಮಿನದು. ಲೈಸೆನ್ಸುದಾರ ಎಪ್ಪತ್ತು ದಾಟಿದ್ದರೆ ಅಥವಾ ಬಂದೂಕು ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದರೆ ವಾರಸುದಾರರ ಹೆಸರಿಗೆ ಕೊಡಲು 2016ರ ಆಯುಧ ನಿಯಮಗಳಲ್ಲಿ ದಾರಿ ಇದೆ. ಆ ದಾರಿ ಹಿಡಿದಿದ್ದರೆ ದುಡ್ಡೂ ಉಳಿಯುತ್ತಿತ್ತು. ಆದರೆ ನಳಿಗೆ ಬಿಚ್ಚಿ ಅಡಿಯ ಗುರುತು ನೋಡಿದರೆ ಅದರ ತೋಟಾಮನೆ 65 ಮಿ.ಮೀ.ನದು. ಇವತ್ತು ಸಿಗುವ ಸ್ಪರ್ಧೆಯ ತೋಟಾ 70 ಮಿ.ಮೀ. ಇದು ತಿಳಿಯದೆ ಹಾಕಿಬಿಡುವವರಿದ್ದಾರೆ, ಯಾಕೆಂದರೆ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಆ 70 ಅನ್ನುವುದು ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಿಚಿದ ಬಾಯಿ ಇದ್ದಾಗ ಗಿಡ್ಡ. ಹಾರಿಸಿದಾಗ ಬಾಯಿ ಬಿಚ್ಚಿ ಮುಂದಿನ ಇಕ್ಕಟ್ಟು ಜಾಗಕ್ಕೆ ಚಾಚಿಕೊಳ್ಳುತ್ತದೆ, ಚರೆಗೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಹಳೆ ಬಂದೂಕು ವಂಶದ ಆಸ್ತಿ ಅಂತ ಮಕ್ಕಳಿಗೆ ಕೊಡುವವರು ದಯವಿಟ್ಟು ಈ ಒಂದು ಗುರುತನ್ನು ಓದಿಸಿ. ಜೊತೆಗೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಅನ್ನುವ ನೈಟ್ರೋ ಪ್ರೂಫ್ ಮುದ್ರೆ ಇದೆಯೇ ನೋಡಿ. ಕರಿಮದ್ದಿನ ಕಾಲದ, ನಳಿಗೆಯ ಮೇಲೆ ಸುರುಳಿ ಸುರುಳಿ ವಿನ್ಯಾಸ ಕಾಣುವ ಬಂದೂಕಾದರೆ ಗೋಡೆಯ ಮೇಲೆ ಚೆಂದ, ಭುಜದ ಮೇಲಲ್ಲ.

ಆದರೂ ಖಾಲಿ ಬಂದೂಕನ್ನು ನನ್ನ ಎದುರಿಗೇ ಅವಳ ಕೈಗೆ ಕೊಟ್ಟು ಹಜಾರದ ಕನ್ನಡಿ ಮುಂದೆ ನಿಲ್ಲಿಸಿದೆ. ಬೇಕಾದದ್ದೆಲ್ಲ ಅಲ್ಲೇ ಕಂಡಿತು. ಏರಿಸುವಾಗಲೇ ಬಟ್ಟು, ಅಂದರೆ ಭುಜಕ್ಕೆ ಒತ್ತಿಕೊಳ್ಳುವ ಹಿಂದಿನ ಮರ, ಕಂಕುಳಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಭುಜದ ಕೊನೆಗೆ, ತೋಳಿನ ಮಾಂಸದ ಮೇಲೆ ಇಟ್ಟುಕೊಂಡಳು. ಕೆನ್ನೆ ಮರಕ್ಕೆ ತಾಗಲಿ ಅಂತ ಕತ್ತು ಮುಂದಕ್ಕೆ ಚಾಚಿದಳು. ಮುಂದಿನ ಟ್ರಿಗರಿಗೆ ಬೆರಳ ತುದಿ ಮಾತ್ರ ಮುಟ್ಟುತ್ತಿತ್ತು. ನಳಿಗೆಯ ಭಾರ ಸರಿದೂಗಿಸಲು ಸೊಂಟ ಮುಂದೆ ತಳ್ಳಿ ಬೆನ್ನು ಹಿಂದಕ್ಕೆ ಬಿಲ್ಲಾಗಿತ್ತು. ಆ ನಿಲುವಿನಲ್ಲಿ ಹಾರಿಸಿದರೆ ಎಂಥ ಹಗುರ ತೋಟಾವಾದರೂ ಹಿಂದಕ್ಕೆ ನೂಕುತ್ತದೆ.

"ಅಪ್ಪಾ, ಭಾರ ಅಲ್ಲ ಇದು, ಉದ್ದ," ಅಂದಳು.

ಸರಿಯಾಗಿ ಹೇಳಿದಳು. ಕಾರ್ಖಾನೆಯಿಂದ ಬರುವ ಬಂದೂಕುಗಳ ಟ್ರಿಗರಿನಿಂದ ಬಟ್ಟಿನ ನಡುವಿನವರೆಗಿನ ಅಳತೆ ಸುಮಾರು 14.5 ಇಂಚು. ಐದೂಮುಕ್ಕಾಲು ಅಡಿಯ ಗಂಡಸಿನ ಲೆಕ್ಕ ಅದು. ಮೊಣಕೈ ಮಡಿಲಿಗೆ ಬಟ್ಟು ಇಟ್ಟು ಬೆರಳು ಟ್ರಿಗರಿಗೆ ಸಿಗುತ್ತದೆಯೇ ನೋಡುವುದು ನಮ್ಮಲ್ಲಿ ವಾಡಿಕೆ. ಅದು ಬರೀ ಅಂದಾಜು, ಕತ್ತಿನ ಉದ್ದ, ಎದೆಯ ಅಗಲ ಅದಕ್ಕೆ ಗೊತ್ತಾಗುವುದಿಲ್ಲ. ನಾನು ನೋಡುವುದು ಇನ್ನೊಂದು. ಬಂದೂಕು ಭುಜಕ್ಕೆ ಏರಿಸಿ ಕೆನ್ನೆ ಊರಿದ ಮೇಲೆ ಹೆಬ್ಬೆರಳಿನ ಬುಡಕ್ಕೂ ಮೂಗಿಗೂ ನಡುವೆ ಎರಡು ಬೆರಳಿನ ಜಾಗ ಇರಬೇಕು. ನಾಲ್ಕು ಬೆರಳು ಹಿಡಿಸಿದರೆ ಬಟ್ಟು ಉದ್ದ. ಒಂದೇ ಹಿಡಿಸಿದರೆ ಗಿಡ್ಡ, ಹಾರಿಸಿದಾಗ ಹೆಬ್ಬೆರಳೇ ಬಂದು ಮೂಗಿಗೆ ಗುದ್ದುತ್ತದೆ. ಸಣ್ಣವರು ಅಂತ ಸಿಕ್ಕಾಪಟ್ಟೆ ಮೊಟಕು ಮಾಡುವುದೂ ಸಲ್ಲ. ಅವಳಿಗೆ ಹೊಂದಿದ್ದು 13 ಇಂಚಿನ ಆಸುಪಾಸು.

ಎರಡನೆಯದು ಕೆನ್ನೆ ಊರುವ ಜಾಗದ ಎತ್ತರ. ಕೋಂಬ್ ಅನ್ನುತ್ತಾರೆ. ರೈಫಲ್ಲಿಗೆ ಹಿಂದೆ ಒಂದು ಗುರಿಪಟ್ಟಿ ಇರುತ್ತದೆ, ಶಾಟ್‌ಗನ್ನಿಗೆ ಇಲ್ಲ. ಇಲ್ಲಿ ಹಿಂದಿನ ಗುರಿ ನಮ್ಮ ಕಣ್ಣೇ. ಕಣ್ಣು ಮೂರು ಮಿಲಿಮೀಟರ್ ತಗ್ಗಿದರೂ 35 ಮೀಟರ್ ದೂರದಲ್ಲಿ ಚರೆ ಹತ್ತು ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ತಟ್ಟೆಯ ಅಗಲವೇ 11 ಸೆಂಟಿಮೀಟರ್. ಕೋಂಬ್ ತಗ್ಗಿದ್ದರೆ ಹುಡುಗರು ತಲೆ ಎತ್ತಿ ನೋಡಲು ಶುರು ಮಾಡುತ್ತಾರೆ, ಕೆನ್ನೆಗೂ ಮರಕ್ಕೂ ನಡುವೆ ಸಂದು ಬೀಳುತ್ತದೆ, ಆ ಸಂದಿನಲ್ಲಿ ಮರ ಎದ್ದುಬಂದು ಕೆನ್ನೆಮೂಳೆಗೆ ಬಡಿಯುತ್ತದೆ. ಆಮೇಲೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಚಾಳಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದ ಈ ಚಾಳಿ ಬಿಡಿಸುವುದು ಬಟ್ಟು ಕೊಯ್ಯಿಸುವುದಕ್ಕಿಂತ ನೂರು ಪಾಲು ಕಷ್ಟ.

ಮೂರನೆಯದನ್ನು ಗಂಡಸರು ಗಮನಿಸುವುದೇ ಇಲ್ಲ. ಬಟ್ಟಿನ ಹಿಂಬದಿಯ ಓರೆ. ಹೆಣ್ಣುಮಕ್ಕಳಿಗೆ ಬಟ್ಟಿನ ಕೆಳಮೂಲೆ ಎದೆಗೆ ಚುಚ್ಚುತ್ತದೆ. ಹೇಳಿಕೊಳ್ಳಲು ಸಂಕೋಚಪಟ್ಟು ಬಂದೂಕನ್ನು ತೋಳಿನ ಕಡೆಗೆ ಸರಿಸಿಕೊಳ್ಳುತ್ತಾರೆ. ತೋಳು ನೀಲಿಗಟ್ಟುವುದು ಆಗ. ಕೆಳಮೂಲೆಯನ್ನು ಸ್ವಲ್ಪ ಮೋಟು ಮಾಡಿ ಅಂಚು ಉರುಟು ಮಾಡಿದರೆ ಬಂದೂಕು ತಾನಾಗಿಯೇ ಕುತ್ತಿಗೆ ಮೂಳೆಯ ಕೆಳಗಿನ ಗುಂಡಿಗೆ ಬಂದು ಕೂರುತ್ತದೆ. ಅಮ್ಮನ ಹತ್ತಿರವಾದರೂ ಹೇಳಲಿ ಅಂತ ಮಗಳಿಗೆ ಮೊದಲೇ ಹೇಳಿದ್ದೆ. ಅವಳು ನನ್ನ ಹತ್ತಿರವೇ ಹೇಳಿದಳು. ತರಬೇತಿ ಕೊಡುವವರು ಇದನ್ನು ತಾವಾಗಿಯೇ ಕೇಳಬೇಕು.

ಇಷ್ಟು ಗೊತ್ತಾದ ಮೇಲೆ ಲೈಸೆನ್ಸಿನ ಕಡತ ಹೊರಟಿತು. ಇಪ್ಪತ್ತೊಂದು ತುಂಬಿದ್ದರಿಂದ ಅವಳ ಹೆಸರಿನಲ್ಲೇ ಅರ್ಜಿ. ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಆಮೇಲೆ ತುಮಕೂರಿನ ಡಿಸಿ ಕಚೇರಿ. ಅದರ ಕಥೆ ಬೇರೆಯೇ ಇದೆ, ಇಲ್ಲಿ ಬೇಡ. 2024ರ ಲೋಕಸಭಾ ಚುನಾವಣೆ ಬೇರೆ ನಡುವೆ ಬಂತು. ನೀತಿಸಂಹಿತೆ ಅಂದರೆ ನಮ್ಮ ಕಡೆ ಬಂದೂಕು ಠಾಣೆಗೆ ಹೋಗಿ ಕೂರುವ ಕಾಲ, ಆಗ ಯಾವ ಮಾತೂ ಮುಂದಕ್ಕೆ ಹೋಗುವುದಿಲ್ಲ. ಆ ಬಿಡುವನ್ನು ರೇಂಜಿನಲ್ಲಿ ಕ್ಲಬ್ಬಿನ ಬಂದೂಕುಗಳಿಂದ ಹೊಡೆದು ನೋಡಲು ಬಳಸಿಕೊಂಡೆವು. ಕೊಳ್ಳುವ ಮೊದಲು ಹೀಗೆ ಹೊಡೆದು ನೋಡುವುದಕ್ಕೆ ಸಮನಾದದ್ದು ಇಲ್ಲ. ಮನೆಯವರ ಲೈಸೆನ್ಸಿನ ಬಂದೂಕನ್ನು ಮಕ್ಕಳ ಕೈಗೆ ಕೊಟ್ಟು ತೋಟದಲ್ಲಿ ಹಾರಿಸಿ ನೋಡುವುದು ಕಾನೂನಿಗೂ ಸಲ್ಲ, ಕಲಿಕೆಗೂ ಸಲ್ಲ.

ರೇಂಜಿನಲ್ಲಿ ಮೊದಲ ತೊಡಕು ಬಂದೂಕಿನದಲ್ಲ, ಎನ್‌ಸಿಸಿಯದು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ .22 ರೈಫಲ್ ಹೊಡೆದವಳು. ಒಂದು ಕಣ್ಣು ಮುಚ್ಚು, ಉಸಿರು ಹಿಡಿ, ಟ್ರಿಗರನ್ನು ಮೆಲ್ಲಗೆ ಒತ್ತು ಅಂತ ಕಲಿತಿದ್ದಳು. ಮಲಗಿ ಹೊಡೆಯುವಾಗ ಅದು ಸರಿ. ಇಲ್ಲಿ ತಟ್ಟೆ ಗಂಟೆಗೆ ನೂರು ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತದೆ. ಎರಡೂ ಕಣ್ಣು ತೆರೆದಿರಬೇಕು, ನೋಟ ತಟ್ಟೆಯ ಮೇಲಿರಬೇಕು, ನಳಿಗೆಯ ತುದಿಯ ಮೇಲಲ್ಲ. ಇದಕ್ಕೆ ಮುಂಚೆ ಯಾವ ಕಣ್ಣು ಮೇಲುಗೈ ಅಂತ ನೋಡಿಕೊಳ್ಳಬೇಕು. ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರೊಳಗೆ ದೂರದ ಕಂಬ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಒಡೆಯ. ಅವಳದು ಬಲಗೈ, ಬಲಗಣ್ಣು. ಬಲಗೈಯವರಿಗೆ ಎಡಗಣ್ಣು ಮೇಲುಗೈ ಇದ್ದರೆ ಎಡಭುಜದಿಂದ ಕಲಿಸುವುದೋ, ಎಡಗಣ್ಣಿನ ಕನ್ನಡಕಕ್ಕೆ ಸಣ್ಣ ಟೇಪು ಅಂಟಿಸುವುದೋ ಮೊದಲೇ ತೀರ್ಮಾನಿಸಿ. ಬಂದೂಕು ಕೊಂಡ ಮೇಲೆ ಇದು ಗೊತ್ತಾದರೆ ಬಟ್ಟಿನ ಬಾಗೇ ತಿರುಗಿಬಿದ್ದಿರುತ್ತದೆ.

ಅಕ್ಕಪಕ್ಕ ನಳಿಗೆಯ ಜೋಡಿ ಬಂದೂಕನ್ನು ಬೇಗ ಕೈಬಿಟ್ಟೆವು. ಎರಡು ಟ್ರಿಗರು, ಒಂದಕ್ಕೊಂದು ಒಂದು ಇಂಚು ಹಿಂದೆ ಮುಂದೆ. ಹಿಂದಿನದಕ್ಕೆ ಬಟ್ಟು ಸರಿಯಾದರೆ ಮುಂದಿನದಕ್ಕೆ ಉದ್ದ. ಸಣ್ಣ ಕೈಗೆ ಒಂದು ಇಂಚು ಅಂದರೆ ಬಹಳ. ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಪಂಪ್ ಬಂದೂಕು ಅಗ್ಗ, ನಮ್ಮ ದೇಶದ್ದೇ ಸಿಗುತ್ತದೆ. ಆದರೆ ಮುಂದಿನ ಹಿಡಿ ಎಟುಕಲು ಎಡಗೈ ಪೂರಾ ಚಾಚಬೇಕು, ಎರಡನೇ ಹೊಡೆತಕ್ಕೆ ಎಳೆಯುವಾಗ ಕೆನ್ನೆ ಕದಲುತ್ತದೆ. ಒಂಟಿ ನಳಿಗೆಯದನ್ನೂ, ಊರಿನ ಹಿರಿಯರ ಮಾತು ತೆಗೆದುಹಾಕಿದ ಹಾಗಾಗಬಾರದು ಅಂತ, ಹೊಡೆಸಿದೆ. ಎರಡು ತೋಟಾ ಆದ ಮೇಲೆ ಭುಜ ಉಜ್ಜಿಕೊಂಡು ಅವಳೇ ವಾಪಸ್ ಕೊಟ್ಟಳು. ಟ್ರ್ಯಾಪಿಗೆ ಎರಡನೇ ಹೊಡೆತವೂ ಬೇಕಲ್ಲ.

ಮೇಲೆ-ಕೆಳಗೆ ನಳಿಗೆಯದು ಹಿಡಿದಾಗ ಮುಖದ ಮೇಲಿನ ಬಿಗಿ ಸಡಿಲವಾಯಿತು. ಒಂದೇ ಟ್ರಿಗರು. ಕೆಳಗಿನ ನಳಿಗೆ ಮೊದಲು ಹಾರುವುದರಿಂದ ಒದೆತ ಭುಜಕ್ಕೆ ನೇರ ಬರುತ್ತದೆ, ನಳಿಗೆಯ ಮೂತಿ ಮೇಲಕ್ಕೆ ಹಾರುವುದು ಕಮ್ಮಿ. ಪೂರಾ ಟ್ರ್ಯಾಪಿಗೆಂದೇ ಮಾಡಿದವು 32 ಇಂಚು ನಳಿಗೆಯ, 3.8 ಕೆ.ಜಿ. ಆಸುಪಾಸಿನವು. ಅವು ಸುತ್ತಿನ ಕೊನೆಗೆ ಬರುವಷ್ಟರಲ್ಲಿ ಎಡಗೈಯನ್ನು ಕೆಳಕ್ಕೆ ಎಳೆಯುತ್ತಿದ್ದವು. ಭಾರ ಒಳ್ಳೆಯದು ಅಂದೆನಲ್ಲ, ಭಾರ ಎಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಎರಡೂ ಕೈಯ ನಡುವೆ ಇದ್ದರೆ ಹಿಡಿಸುತ್ತದೆ, ಮೂತಿಯಲ್ಲಿದ್ದರೆ ಆ ಬೆನ್ನು ಮತ್ತೆ ಬಿಲ್ಲಾಗುತ್ತದೆ. ಹಾಗಾಗಿ 28 ಇಂಚಿನ ನಳಿಗೆಯದನ್ನು ಹುಡುಕಿದೆವು. ಲೈಸೆನ್ಸ್ ಕೈಗೆ ಬಂದ ಮೇಲೆ ಡೀಲರ್ ಮೂಲಕ ಒಬ್ಬರು ಹಿರಿಯ ಆಟಗಾರರ ಹಳೆಯ ಬೆರೆಟಾ ಕಂಪನಿಯ ಬಂದೂಕು ಸಿಕ್ಕಿತು. ನಳಿಗೆಯೊಳಗೆ ಬೆಳಕು ಹಿಡಿದು ಗುಳಿ, ತುಕ್ಕು ಇಲ್ಲವೆಂದು ನೋಡಿ, ಮುಚ್ಚಿ ಅಲ್ಲಾಡಿಸಿ ಕೀಲು ಸಡಿಲವಿಲ್ಲವೆಂದು ನೋಡಿ ತೆಗೆದುಕೊಂಡೆ.

ಬಟ್ಟು ಕೊಯ್ಯುವ ಕೆಲಸ ಬೆಂಗಳೂರಿನ ಲೈಸೆನ್ಸಿರುವ ಬಂದೂಕು ರಿಪೇರಿಯವರದು. ಊರಿನ ಬಡಗಿ ಎಷ್ಟೇ ಕೈಚಳಕದವನಾದರೂ ಅವನ ಕೈಗೆ ಬಂದೂಕು ಕೊಡುವಂತಿಲ್ಲ. ಇನ್ನೊಂದು ನೆನಪಿರಲಿ: ಬಟ್ಟು ಗಿಡ್ಡ ಮಾಡಿಸಬಹುದು, ನಳಿಗೆಗೆ ಗರಗಸ ಮುಟ್ಟಿಸುವಂತಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಅದು ಸ್ಪಷ್ಟ ಅಪರಾಧ. "ಮೂತಿ ಭಾರ ಅನ್ಸಿದ್ರೆ ಎರಡಿಂಚು ತೆಗ್ಸಿಬಿಡಿ" ಅಂದವರೂ ಇದ್ದರು, ಅದಕ್ಕೇ ಹೇಳಿದೆ.

ಕೊಯ್ಯಿಸುವಾಗ ಒಂದೇ ಸಲಕ್ಕೆ ಬೇಡ ಅಂದೆ. ರಬ್ಬರ್ ಪ್ಯಾಡಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು ಮೊದಲು ಒಂದು ಇಂಚು ತೆಗೆದು, ಅವಳ ಭುಜಕ್ಕೆ ಏರಿಸಿ ನೋಡಿ, ಆಮೇಲೆ ಇನ್ನರ್ಧ ಇಂಚು. ಅಳತೆ ನೋಡುವಾಗ ಶೂಟಿಂಗ್ ಜಾಕೆಟ್ ಹಾಕಿಸಿಯೇ ನೋಡಬೇಕು, ದುಪಟ್ಟಾ ಹೊದ್ದುಕೊಂಡೋ ತೆಳು ಟೀ ಶರ್ಟಿನಲ್ಲೋ ಅಲ್ಲ. ಕೆಳಮೂಲೆ ಮೋಟಾಯಿತು. ಹಿಂದಿನ ಮರ ಹೋದದ್ದರಿಂದ ಮೂತಿ ಭಾರ ಎದ್ದು ಕಂಡಿತು. ಬಟ್ಟಿನೊಳಗಿನ ಬೋಲ್ಟಿನ ತೂತಿಗೆ ಸ್ವಲ್ಪ ಸೀಸ ಹಾಕಿ ತೂಕ ಮತ್ತೆ ಕೀಲಿನ ನೇರಕ್ಕೆ ಬರುವ ಹಾಗೆ ಮಾಡಿದರು. ಕೋಂಬ್ ಎತ್ತರಕ್ಕೆ ಅವಳೇ ಉಪಾಯ ಹೂಡಿದಳು: ಒಂದರ ಮೇಲೊಂದು ತೆಳು ಫೋಮ್ ಪಟ್ಟಿ ಅಂಟಿಸಿ, 15 ಮೀಟರಿನಲ್ಲಿ ದೊಡ್ಡ ಹಾಳೆ ಕಟ್ಟಿ, ನಡುವಿನ ಚುಕ್ಕಿಗೆ ಹೊಡೆದು, ಚರೆಯ ಗುಂಪು ಚುಕ್ಕಿಗಿಂತ ತುಸು ಮೇಲೆ ಬೀಳುವವರೆಗೆ ಪಟ್ಟಿ ಕೂಡಿಸುತ್ತಾ ಹೋದಳು. ಟ್ರ್ಯಾಪಿನಲ್ಲಿ ತಟ್ಟೆ ಏರುತ್ತಿರುತ್ತದೆ, ಆದ್ದರಿಂದ ಬಂದೂಕು ತುಸು ಮೇಲಕ್ಕೇ ಹೊಡೆಯಬೇಕು. ಪಟ್ಟಿಯ ಎತ್ತರ ನೋಡಿಕೊಂಡು ಆಮೇಲೆ ಮರದ ಕೋಂಬನ್ನೇ ಏರಿಸಿ ಇಳಿಸುವ ಹಾಗೆ ಮಾಡಿಸಿದೆವು.

ಹೆಣ್ಣುಮಕ್ಕಳಿಗೆ ಈ ಆಟ ಆಗುತ್ತದೆಯೇ ಅನ್ನುವ ಪ್ರಶ್ನೆಗೆ ಅವಳು ಕೊಡುವ ಉತ್ತರ 1992ರ ಬಾರ್ಸಿಲೋನಾ ಒಲಿಂಪಿಕ್ಸ್. ಹಾರುವ ತಟ್ಟೆಗೆ ಹೊಡೆಯುವ ಇನ್ನೊಂದು ಆಟವಾದ ಸ್ಕೀಟ್‌ನಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಆಡುತ್ತಿದ್ದ ಕಾಲ, ಚೀನಾದ ಝಾಂಗ್ ಶಾನ್ ಎಲ್ಲರನ್ನೂ ಹಿಂದೆ ಹಾಕಿ ಚಿನ್ನ ಗೆದ್ದಳು. 2024ರಲ್ಲಿ ಪ್ಯಾರಿಸ್‌ಗೆ ನಮ್ಮಿಂದಲೇ ರಾಜೇಶ್ವರಿ ಕುಮಾರಿ, ಶ್ರೇಯಸಿ ಸಿಂಗ್ ಟ್ರ್ಯಾಪಿಗೆ ಹೋಗಿದ್ದರು. ನೆಂಟರ ಬಾಯಿ ಮುಚ್ಚಲು ಇಷ್ಟು ಸಾಕಾಗುವುದಿಲ್ಲ, ಆದರೆ ಅವಳಿಗೆ ಸಾಕು.

ಈಗ ಮನೆಯಲ್ಲಿ ದಿನಾ ಡಮ್ಮಿ ತೋಟಾ ಹಾಕಿ ಏರಿಸುವ ಅಭ್ಯಾಸ ನಡೆದಿದೆ. ಏರಿಸುವ ಮುನ್ನ ನಳಿಗೆ ಬಿಚ್ಚಿ ನಾನೂ ನೋಡಬೇಕು, ಅವಳೂ ನೋಡಬೇಕು. ಒಂದು ಪಾದ ಮುಂದೆ, ಮೂಗು ಮುಂದಿನ ಕಾಲ್ಬೆರಳಿನ ನೇರಕ್ಕೆ. ಸಣ್ಣ ಮೈಯವರು ಒದೆತವನ್ನು ತೂಕದಿಂದ ತಡೆಯಲಾರರು, ಈ ವಾಲಿಕೆಯಿಂದ ತಡೆಯಬೇಕು. ರೇಂಜಿನಲ್ಲಿ ಕಿವಿಗೆ ಒಳಗೊಂದು ಪ್ಲಗ್, ಮೇಲೊಂದು ಮಫ್. ಹೊಸಬರು ಬೆಚ್ಚುವುದು ಒದೆತಕ್ಕಿಂತ ಸದ್ದಿಗೇ ಜಾಸ್ತಿ. ಒಂದು ದಿನಕ್ಕೆ ಎರಡು ಸುತ್ತು ಮುಗಿದರೆ ನಿಲ್ಲಿಸಿಬಿಡುತ್ತೇನೆ, ಚೆನ್ನಾಗಿ ಹೊಡೆಯುತ್ತಿದ್ದರೂ.

ಕೊಯ್ದ ಮರದ ಎರಡು ತುಂಡುಗಳನ್ನೂ ರಿಪೇರಿಯವರಿಂದ ಕೇಳಿ ಇಸಕೊಂಡು ಬಂದೂಕಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ನೀವೂ ಬಿಡಬೇಡಿ. ನಾಳೆ ಮಾರುವ ಕಾಲ ಬಂದು, ಕೊಳ್ಳುವವರು ಆರಡಿ ಆಳಾದರೆ, ಅದೇ ನಾರಿನ ಅದೇ ಬಣ್ಣದ ಮರ ಮತ್ತೆಲ್ಲೂ ಸಿಗುವುದಿಲ್ಲ.